ಉತ್ತರಕ್ಕೆ ಕಾಯುವ ಪುಟ

ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಹದಿನೆಂಟು ವರ್ಷಗಳಿಂದ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಹೊಸ ಕಾಲಿಗೆ ಆರ್ಡರ್ ಹಾಕುವಾಗ ಕಂಪ್ಯೂಟರ್ ಪರದೆಯ ನಡುವೆ ಅಂಗೈಯಗಲದ ಕಿಟಕಿಯೊಂದು ತೆರೆದುಕೊಂಡು ‘ಯಾವ ಕಡೆ?’ ಎಂದು ಕೇಳುತ್ತಿತ್ತು. ಮೇಜಿನ ಮುಂದೆ ಕೂತ ಗುಮಾಸ್ತೆ ಆ ಪ್ರಶ್ನೆಯನ್ನು ಇಡೀ ಹಜಾರಕ್ಕೆ ಕೇಳುವಂತೆ ಕೂಗಬೇಕು. ಅಳತೆ ತೆಗೆಯುವ ಮೇಸ್ತ್ರಿ ಬೆಂಚಿನ ಮೇಲೆ ಕೂತವರ ಮೊಣಕಾಲಿನ ಮೇಲೆ ಕೈಯಿಟ್ಟು ಉತ್ತರ ಕೂಗಬೇಕು. ಆಮೇಲೆ ಕಾಲು ಯಾರದೋ ಅವರು ತಾವೇ ಬಾಯಿಬಿಟ್ಟು ಹೇಳಬೇಕು. ಮೂರು ದನಿ ಒಂದಾದ ಮೇಲೆಯೇ ಗುಮಾಸ್ತೆ ಎಡವನ್ನೋ ಬಲವನ್ನೋ ಒತ್ತುವುದು. ಅಲ್ಲಿಯವರೆಗೆ ಆ ಪುಟ ಉಸಿರು ಬಿಗಿಹಿಡಿದು ನಿಂತಿರುತ್ತಿತ್ತು. ಬೇರೆ ಯಾವ ಗುಂಡಿ ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಈ ಪದ್ಧತಿ ಮೇಸ್ತ್ರಿಯದೇ. ಆ ತಂತ್ರಾಂಶ ಬರೆದುಕೊಡಲು ಬಂದವರಿಗೆ ಆತ ಅಂದೇ ಖಡಾಖಂಡಿತವಾಗಿ ಹೇಳಿದ್ದನಂತೆ: “ನೋಡಿ, ನಾವು ಮೂರು ಜನ ಹೇಳೋವರೆಗೂ ನಿಮ್ಮ ಯಂತ್ರ ಅಲ್ಲಾಡಬಾರದು.” ಬರೆದವರು ಹಾಗೆಯೇ ಬರೆದಿದ್ದರು.

ಗುಮಾಸ್ತೆಯನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಯಾರಿಗೂ ಆಕೆ ಅತ್ತೆಯಲ್ಲ. ದನಿ ಮಾತ್ರ ಊರಿಗೆಲ್ಲ ಅತ್ತೆಯಾಗುವಷ್ಟಿತ್ತು. ಆಕೆ “ಯಾವ ಕಡೇ?” ಎಂದು ಕೂಗಿದರೆ ಆಚೆ ಬೀದಿಯಲ್ಲಿ ಸೈಕಲ್ ತುಳಿಯುತ್ತಿದ್ದವರು ಗಕ್ಕನೆ ನಿಂತು ಎಡಕ್ಕೂ ಬಲಕ್ಕೂ ನೋಡುತ್ತಾರೆ ಎಂದು ಮೇಸ್ತ್ರಿ ಕಿಚಾಯಿಸುತ್ತಿದ್ದ.

ಈ ಹಜಾರದ ಮೂಲೆಗೆ ನಾಲ್ಕು ತಿಂಗಳ ಹಿಂದೆ ಕಂಪ್ಯೂಟರ್ ಕೆಲಸಕ್ಕೆಂದು ಹೊಸ ಹುಡುಗಿಯೊಬ್ಬಳು ಬಂದು ಕೂತಿದ್ದಳು. ಆಗಷ್ಟೇ ಪದವಿ ಮುಗಿಸಿದ್ದಳು. ಬಾಯಲ್ಲಿ ಮಾತು ಕಡಿಮೆ, ಇದ್ದ ಮಾತಿಗೂ ದನಿ ಕಡಿಮೆ. ಮೊದಲ ದಿನ ಅತ್ತೆ, “ನಿನ್ನ ಹೆಸರೇನಮ್ಮ?” ಎಂದು ಮೂರು ಸಲ ಕೇಳಿ, ಮೂರೂ ಸಲ ಕೇಳಿಸದೆ, “ಹೋಗ್ಲಿ ಬಿಡು, ಕಂಪ್ಯೂಟರಮ್ಮ ಅಂತೀನಿ” ಎಂದು ತೀರ್ಮಾನಿಸಿಬಿಟ್ಟಿದ್ದಳು. ಇಪ್ಪತ್ತೆರಡರ ಹುಡುಗಿಗೆ ಅಂಥ ಮುತ್ತೈದೆಯಂಥ ಹೆಸರು! ಆದರೂ ಅವಳಿಗೆ ಅದು ಹಿತವಾಗಿಯೇ ಇತ್ತು. ಯಾರಾದರೂ ಕರೆದರೆ ತಾನಲ್ಲವೇನೋ ಎಂಬಂತೆ ಒಂದು ಕ್ಷಣ ಅವಿತುಕೊಳ್ಳಬಹುದಿತ್ತು.

ಅವಳಿಗೆ ಒಪ್ಪಿಸಿದ್ದ ಕೆಲಸ ಇಷ್ಟು. ಆ ಹದಿನೆಂಟು ವರ್ಷದ ತಂತ್ರಾಂಶ ಹಳೆಯ ಬ್ರೌಸರ್ ಒಂದರಲ್ಲಿ ಮಾತ್ರ ಬಾಳುತ್ತಿತ್ತು. ಆ ಬ್ರೌಸರ್ ಎಂದೋ ಕಣ್ಣುಮುಚ್ಚಿತ್ತು. ಹೊಸ ಬ್ರೌಸರ್, ಪಾಪ ಮುದುಕರು ಇರಲಿ ಎಂಬಂತೆ, ಹಳೆಯ ಪುಟಗಳಿಗೆಂದೇ ತನ್ನೊಳಗೆ ಒಂದು ಹಿತ್ತಲ ಕೋಣೆ ಬಿಟ್ಟುಕೊಟ್ಟಿತ್ತು. ತಿಂಗಳ ಕೊನೆಗೆ ಆ ಕೋಣೆಗೂ ಬೀಗ ಬೀಳುತ್ತದೆ ಎಂದು ಕೇಂದ್ರ ಕಚೇರಿಯಿಂದ ಪತ್ರ ಬಂದಿತ್ತು. ಅಷ್ಟರೊಳಗೆ ನಲವತ್ತೆರಡು ಪುಟಗಳನ್ನೂ ಹೊಸ ಬ್ರೌಸರಿನ ನಡುಮನೆಯಲ್ಲಿ ಕೂರುವಂತೆ ಮಾಡಬೇಕು. ನೋಡಲು ಮಾತ್ರ ಒಂದು ಕೂದಲೆಳೆಯಷ್ಟೂ ಬದಲಾಗಬಾರದು. “ಗುಂಡಿ ಜಾಗ ಬದಲಾದ್ರೆ ನನ್ನ ಕೈ ಕೇಳಲ್ಲ ತಾಯಿ,” ಎಂದು ಅತ್ತೆ ಮೊದಲೇ ಎಚ್ಚರಿಸಿದ್ದಳು.

ಅವಳಿಗೆ ಈ ಕೆಲಸ ಜೀವಕ್ಕೆ ಒಗ್ಗಿತು. ಯಾರೊಡನೆಯೂ ಮಾತಾಡಬೇಕಿಲ್ಲ. ತಾರೀಖು ಆರಿಸುವ ಪಟ್ಟಿ ತೆರೆಯದಿದ್ದರೆ ಯಾಕೆಂದು ಹುಡುಕುವುದು, ಚೀಟಿ ಮುದ್ರಿಸುವ ಗುಂಡಿ ಮುನಿಸಿಕೊಂಡರೆ ಅದನ್ನು ಓಲೈಸುವುದು. ಎಲ್ಲಕ್ಕಿಂತ ಕಾಡಿದ್ದು ಆ ‘ಯಾವ ಕಡೆ?’ ಕಿಟಕಿ. ಅದನ್ನು ತೆರೆಯುತ್ತಿದ್ದ ಹಳೆಯ ಆಜ್ಞೆ ಹೊಸ ಬ್ರೌಸರಿಗೆ ಗೊತ್ತೇ ಇರಲಿಲ್ಲ. ನಾಲ್ಕು ದಿನ ತಲೆ ಕೆರೆದುಕೊಂಡು ಅಂಥದ್ದೇ ಇನ್ನೊಂದು ಕಿಟಕಿ ಕಟ್ಟಿದಳು. ಅದೇ ಬೂದುಬಣ್ಣ, ಅದೇ ಎರಡು ಗುಂಡಿ. ಪರೀಕ್ಷೆಗೆಂದು ತನ್ನ ತಂಗಿಯ ಹೆಸರು ಹಾಕಿ, ಎಡಗಾಲು ಎಂದು ಒತ್ತಿ, ಆರ್ಡರ್ ಕಳಿಸಿದಳು. ಎಡಗಾಲು ಎಂದೇ ಹೋಯಿತು. ಮತ್ತೊಮ್ಮೆ, ಮಗದೊಮ್ಮೆ, ಹತ್ತು ಸಲ ಮಾಡಿದಳು. ಹತ್ತೂ ಸಲ ಎಡಗಾಲೇ ಹೋಯಿತು.

ಒಂದು ಸೋಮವಾರ ಹೊಸ ಪುಟಗಳು ಕೆಲಸಕ್ಕೆ ಇಳಿದವು. ಅತ್ತೆ ಕೂತಳು, ಕೂಗಿದಳು, ಒತ್ತಿದಳು. “ಏನೂ ಬದಲಾಗೇ ಇಲ್ಲವಲ್ಲೇ! ಇಷ್ಟು ದಿನ ನೀನು ಮಾಡಿದ್ದಾದ್ರೂ ಏನು?” ಎಂದು ನಕ್ಕಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ.

ಮರುದಿನ, ಮಂಗಳವಾರ, ಕಂಡಕ್ಟರಮ್ಮ ಅಳತೆ ಕೊಡಲು ಬಂದಳು. ಹತ್ತು ವರ್ಷ ಬಸ್ಸಿನಲ್ಲಿ ನಿಂತೇ ದುಡಿದವಳು. ಎಂಟು ತಿಂಗಳ ಹಿಂದೆ ಒಂದು ಅಪಘಾತದಲ್ಲಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಅಭ್ಯಾಸಕ್ಕೆಂದು ಕೊಟ್ಟಿದ್ದ ಮೋಟು ಕಾಲಿನಲ್ಲಿ ಸಮನೆಲದ ಮೇಲೆ ಸರಾಗವಾಗಿ ನಡೆಯುತ್ತಿದ್ದಳು. ಆದರೆ ಅದಕ್ಕೆ ಪಾದವಿಲ್ಲ. ಮೆಟ್ಟಿಲು ಹತ್ತಲಾಗದು.

“ಮುಂದಿನ ವಾರ ಗುರುವಾರ ಡಿಪೋಲಿ ಡಾಕ್ಟರ ಎದುರು ನಡೆದು ತೋರಿಸ್ಬೇಕು ಮೇಸ್ತ್ರಿ,” ಎಂದಳು. “ಇಪ್ಪತ್ತು ಹೆಜ್ಜೆ, ಆಮೇಲೆ ಬಸ್ಸಿನ ಮೂರು ಮೆಟ್ಟಿಲು. ಅದು ತಪ್ಪಿದ್ರೆ ಇನ್ನಾರು ತಿಂಗಳಿಗೆ. ಅಷ್ಟರಲ್ಲಿ ನನ್ನ ರೂಟು ಬೇರೆಯವರ ಪಾಲು, ನಾನು ಉಗ್ರಾಣದಲ್ಲಿ ಟಿಕೆಟ್ ಕಟ್ಟು ಕಟ್ಕೊಂಡು ಕೂತ್ಕೋಬೇಕು.”

“ಕೂತು ಮಾಡೋ ಕೆಲಸ ಅಂದ್ರೆ ಜನ ಹಂಬಲಿಸ್ತಾರೆ,” ಎಂದ ಮೇಸ್ತ್ರಿ ಅಚ್ಚಿಗೆಂದು ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತ.

“ನನ್ನ ಕೂರಿಸಿದ್ರೆ ಮೂರೇ ದಿನಕ್ಕೆ ತುಕ್ಕು ಹಿಡೀತೀನಿ. ನಂಗೆ ಬಾಗಿಲು ಬೇಕು, ಗಾಳಿ ಬೇಕು, ಜಗಳಕ್ಕೆ ನಾಲ್ಕು ಜನ ಬೇಕು.”

“ಯಾವ ಕಡೇ?” ಅತ್ತೆ ಕೂಗಿದಳು.

“ಬಲ!” ಎಂದ ಮೇಸ್ತ್ರಿ.

“ಬಲಗಡೆ, ಬಲಗಡೆ, ಮುಂದೆ ಹೋಗಿ!” ಎಂದು ಕಂಡಕ್ಟರಮ್ಮ ಬಸ್ಸಿನ ದನಿಯಲ್ಲೇ ಕೂಗಿದ್ದಕ್ಕೆ ಹಜಾರವೆಲ್ಲ ಗೊಳ್ಳೆಂದಿತು. ಮೂಲೆಯಲ್ಲಿ ಕೂತಿದ್ದ ಅವಳೂ ನಕ್ಕಳು. ಕಂಡಕ್ಟರಮ್ಮ ಅದನ್ನು ನೋಡಿಬಿಟ್ಟು, “ಓಹೋ, ಅಲ್ಲೊಬ್ರು ಟಿಕೆಟ್ ಇಲ್ದೆ ನಗ್ತಿದ್ದಾರೆ,” ಎಂದಳು. ಹುಡುಗಿಯ ಕಿವಿ ಕೆಂಪಾಯಿತು.

ಕಾಲಿನ ಮೇಲಿನ ಬಟ್ಟಲು, ಅಂದರೆ ಮೊಂಡುಗಾಲು ಕೂರುವ ಭಾಗ, ಇಲ್ಲೇ ಮೇಸ್ತ್ರಿಯ ಕೈಯಲ್ಲಿ ಆಗುತ್ತದೆ. ಪಾದ ಮಾತ್ರ ದೂರದ ಕಾರ್ಖಾನೆಯಿಂದ ಬರಬೇಕು. ವಾರಕ್ಕೊಂದೇ ಲಾರಿ, ಅದೂ ಸೋಮವಾರ. ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಲಾರಿ ಬಂತು. ಕಾಗದದಲ್ಲಿ ಸುತ್ತಿ ಹೆಸರು ಬರೆದ ಒಂಬತ್ತು ಪಾದಗಳ ಪೆಟ್ಟಿಗೆ ಇಳಿಯಿತು. ಉಳಿದವರಿಗೆಲ್ಲ ಮಂಗಳವಾರ ಬರಹೇಳಿತ್ತು. ಕಂಡಕ್ಟರಮ್ಮ ಮಾತ್ರ ಬೆಳಿಗ್ಗೆಯೇ ಬಂದು, ಜೊತೆಗೆ ತಂದ ಕರಿ ಷೂಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಮೇಸ್ತ್ರಿ ಕಾಗದ ಬಿಚ್ಚಿದ. ಹೆಬ್ಬೆರಳು ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ. ಆತ ಪಾದವನ್ನು ತಿರುಗಿಸಿ ನೋಡಿದ. ತಿರುಗಿಸಿದರೆ ಎಡಗಾಲು ಬಲಗಾಲಾದೀತೆ?

“ಇದು ಎಡಗಾಲಿಂದು,” ಎಂದ ಮೆಲ್ಲಗೆ.

ಕಂಡಕ್ಟರಮ್ಮ ಮಡಿಲಲ್ಲಿದ್ದ ಬಲಗಾಲಿನ ಷೂವಿನ ಲಾಡಿಯನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು.

ವ್ಯವಸ್ಥಾಪಕರು ಒಳಕೋಣೆಯಿಂದ ಬಂದರು. ಕೆಟ್ಟವರಲ್ಲ, ಆದರೆ ಏನಾದರೂ ತಪ್ಪಿದರೆ ಯಾರ ಕೈ ಎಂದು ಮೊದಲು ನೋಡುವವರು. ಕಾರ್ಖಾನೆಗೆ ಹೋದ ಆರ್ಡರಿನ ನಕಲು ತರಿಸಿದರು. ಅದರಲ್ಲಿ ‘ಎಡ’ ಎಂದೇ ಇತ್ತು. ಎಲ್ಲರ ಕಣ್ಣು ಅತ್ತೆಯ ಕಡೆ ಹೊರಳಿತು.

“ನಾನು ಬಲ ಅಂತಾನೇ ಒತ್ತಿದ್ದು,” ಎಂದಳು ಅತ್ತೆ. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. “ಒತ್ತಿದ್ದೆ ಅಂದ್ಕೊಂಡಿದ್ದೀನಿ.”

“ಹದಿನೆಂಟು ವರ್ಷ ಆಯ್ತಲ್ಲ ನಿಮಗೂ. ಕೈ ತಪ್ಪೋದು ಸಹಜ. ನಾಳೆಯಿಂದ ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡೋಣ,” ಎಂದು ವ್ಯವಸ್ಥಾಪಕರು ಮೆತ್ತಗೆಯೇ ಹೇಳಿ ಒಳಗೆ ಹೋದರು.

ಮೂಲೆಯಲ್ಲಿ ಹುಡುಗಿ ತಾನು ಬರೆದ ಸಾಲುಗಳನ್ನು ಮತ್ತೆ ತೆರೆದು ನೋಡಿದಳು. ಏನೋ ಸರಿಯಿಲ್ಲ ಅನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಪರೀಕ್ಷೆ ಮಾಡಿದ್ದೆನಲ್ಲ, ಹತ್ತು ಸಲ? ಮೊದಲ ದಿನ ಅತ್ತೆಯ ಪರದೆಯ ಮೇಲೂ ಒತ್ತಿದ್ದೇ ಬಂದದ್ದನ್ನು ನಾನೇ ಹಿಂದೆ ನಿಂತು ನೋಡಿದ್ದೆನಲ್ಲ? ಅಷ್ಟರಲ್ಲಿ ಊಟದ ಹೊತ್ತಾಯಿತು.

ಮನೆ ಎರಡು ಬೀದಿ ಆಚೆ. ಅಡುಗೆಮನೆಯ ಪುಟ್ಟ ಮೇಜಿಗೆ ಅಮ್ಮ, ಅವಳು, ತಂಗಿ ಕೂತರೆ ನಾಲ್ಕನೆಯವರಿಗೆ ಮೊಣಕೈ ಇಡಲೂ ಜಾಗವಿಲ್ಲ. ಅವಳ ತಟ್ಟೆ ಖಾಲಿಯಾದದ್ದು ನೋಡಿ ಅಮ್ಮ ಸೌಟು ಎತ್ತಿದಳು.

“ಇನ್ನೊಂದು ಚೂರು ಬಡಿಸ್ಲೇನೇ?”

“ಅವಳಿಗೆ ಬೇಡ,” ಎಂದಳು ತಂಗಿ.

ಅದು ಹೊಸತೇನಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ತಂಗಿ ಉತ್ತರ ಕೊಟ್ಟು ಮುಗಿಸಿರುತ್ತಿದ್ದಳು. ನೆಂಟರಿಗೂ, ಅಂಗಡಿಯವರಿಗೂ, ಬಾಗಿಲು ತಟ್ಟಿದವರಿಗೂ ಅಷ್ಟೇ. ಅವಳಿಗೂ ಅದು ಅನುಕೂಲವೇ. ಆದರೆ ಇವತ್ತು ಹೊಟ್ಟೆ ಹಸಿದಿತ್ತು.

“ನಂಗೆ ಬೇಕು ಕಣೇ.”

“ಬೇಕಾ? ನಿನ್ನೆ ಕೇಳಿದಾಗ ಬೇಡ ಅಂದ್ಯಲ್ಲ. ಇವತ್ತಿಗೂ ಅದೇ ಇರಬೋದು ಅಂದ್ಕೊಂಡು ಹೇಳ್ದೆ. ನೀನು ಉತ್ತರ ಕೊಡೋವರೆಗೂ ಕಾದ್ರೆ ಅಮ್ಮನ ಕೈ ಸೋತು ಹೋಗುತ್ತೆ.”

ಅವಳು ತಂಗಿಯ ಮುಖವನ್ನೇ ನೋಡುತ್ತ ಕೂತಳು. ಅಮ್ಮ ಬಡಿಸಿದ್ದು ತಟ್ಟೆಯಲ್ಲೇ ಉಳಿಯಿತು. “ಏನಾಯ್ತೇ ಇವಳಿಗೆ?” ಎನ್ನುವಷ್ಟರಲ್ಲಿ ಕೈ ತೊಳೆದು, ಚಪ್ಪಲಿ ಮೆಟ್ಟಿ, ಬೀದಿಗೆ ಇಳಿದಿದ್ದಳು. ಯಾವತ್ತೂ ಓಡದವಳು ಓಡುತ್ತಿದ್ದಳು.

ಕಂಡಕ್ಟರಮ್ಮನನ್ನು ಬಿಟ್ಟರೆ ಹಜಾರದಲ್ಲಿ ಇನ್ನೂ ಯಾರೂ ಇರಲಿಲ್ಲ. ಅತ್ತೆಯ ಕುರ್ಚಿಯಲ್ಲಿ ಕೂತು, ಎರಡು ಸುಳ್ಳು ಹೆಸರು ಹಾಕಿದಳು. ಒಂದಕ್ಕೆ ಎಡ ಒತ್ತಿದಳು, ಇನ್ನೊಂದಕ್ಕೆ ಬಲ. ಪರದೆಯ ಮೇಲೆ ಎರಡನೆಯದಕ್ಕೆ ‘ಬಲ’ ಎಂದೇ ಬಂತು. ಕಾರ್ಖಾನೆಗೆ ಹೋಗುವ ಪ್ರತಿಯನ್ನು ತೆರೆದು ನೋಡಿದಳು. ‘ಎಡ.’

ಹಳೆಯ ಬ್ರೌಸರಿನಲ್ಲಿ ಆ ಕಿಟಕಿ ತೆರೆದರೆ ಹಿಂದಿನ ಪುಟ ಅಲ್ಲೇ ಕಾಯುತ್ತ ನಿಲ್ಲುತ್ತಿತ್ತು. ಹೊಸತರಲ್ಲಿ ಕಿಟಕಿ ತೆರೆಯುತ್ತಿತ್ತು, ಪುಟ ಮಾತ್ರ ನಿಲ್ಲುತ್ತಿರಲಿಲ್ಲ. ಅತ್ತೆ ಕೂಗಿ, ಮೇಸ್ತ್ರಿ ಕೂಗಿ, ಕಾಲಿನವರು ಕೂಗುವ ಹೊತ್ತಿಗೆ ಆರ್ಡರ್ ಯಾವಾಗಲೋ ಹೊರಟುಹೋಗಿರುತ್ತಿತ್ತು, ಹಿಂದೆ ಬಂದು ಹೋದವರು ಹೇಳಿದ್ದ ಉತ್ತರವನ್ನೇ ಕೈಯಲ್ಲಿ ಹಿಡಿದು. ಈಗ ಹೇಳಿದ ಉತ್ತರ ಮುಂದೆ ಬರುವವರಿಗೆ ಕಾದು ಕೂರುತ್ತಿತ್ತು. ಒಂದು ವಾರದಿಂದ ಈ ಹಜಾರದಲ್ಲಿ ಒಬ್ಬೊಬ್ಬರೂ ಬಾಯ್ತುಂಬ ಕೂಗಿದ್ದೆಲ್ಲ ಪಕ್ಕದವರ ಕಾಲಿಗೆ ಹೋಗಿತ್ತು. ಅವಳ ಪರೀಕ್ಷೆಯಲ್ಲಿ ಇದು ಹೇಗೆ ತಾನೇ ಸಿಕ್ಕೀತು? ಹತ್ತು ಸಲವೂ ಎಡ, ಎಡ, ಎಡ ಎಂದೇ ಒತ್ತಿದ್ದಳಲ್ಲ, ಮಹಾತಾಯಿ!

ಊಟ ಮುಗಿಸಿ ಒಬ್ಬೊಬ್ಬರೇ ಒಳಗೆ ಬಂದರು. ಯಂತ್ರಗಳು ಗುರ್ರೆಂದವು. ಕಂಡಕ್ಟರಮ್ಮ ಬೆಂಚು ಬಿಟ್ಟೇ ಇರಲಿಲ್ಲ. ಅತ್ತೆ ಅವಳ ಪಕ್ಕದಲ್ಲಿ ಕೂತು ಸುಮ್ಮನೆ ಅವಳ ಬೆನ್ನು ಸವರುತ್ತಿದ್ದಳು. ಹುಡುಗಿ ಎದ್ದು ಹೋಗಿ ಮೇಸ್ತ್ರಿಯ ಮುಂದೆ ನಿಂತಳು. ಆತ ಬಟ್ಟಲೊಂದರ ಅಂಚು ಉಜ್ಜುತ್ತಿದ್ದ. ಅವಳು ಏನೋ ಅಂದಳು. ಉಜ್ಜುವ ಚಕ್ರದ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ.

ಮೇಸ್ತ್ರಿ ಅವಳ ಮುಖ ನೋಡಿದ. ಕೈ ಚಾಚಿ ಚಕ್ರದ ಸ್ವಿಚ್ ಆರಿಸಿದ. ಚಕ್ರ ತಿರುಗಿ ತಿರುಗಿ ನಿಲ್ಲುವವರೆಗೂ ಆತ ಕಾದ.

“ಹೇಳಮ್ಮ.”

ಅವಳು ಅತ್ತೆಯ ಕಡೆ ನೋಡಿ, ಮತ್ತೆ ನೆಲ ನೋಡಿದಳು.

“ಅವಸರ ಏನಿಲ್ಲ. ನಾನೆಲ್ಲಿಗೂ ಹೋಗಲ್ಲ,” ಎಂದು ಆತ ಸ್ಟೂಲಿನ ಮೇಲೆ ಕೂತೇಬಿಟ್ಟ. ಅದನ್ನು ಕಂಡು ಪಕ್ಕದ ಬೆಂಚಿನವನೂ ತನ್ನ ಯಂತ್ರ ಆರಿಸಿದ. ಆಚೆಯವನೂ ಆರಿಸಿದ. ಬಿಸಿಗಾಳಿಯ ಕೊಳವೆ ಕೊನೆಗೊಮ್ಮೆ ನಿಟ್ಟುಸಿರಿಟ್ಟು ತಣ್ಣಗಾಯಿತು. ಇಷ್ಟು ಜನ ತನ್ನೊಬ್ಬಳ ಮಾತಿಗೆ ಕಾಯುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೆದರಿಕೆಯಾಗಬೇಕಿತ್ತು. ಅದೇಕೋ ಆಗಲಿಲ್ಲ.

“ಅತ್ತೆ ಸರಿಯಾಗೇ ಒತ್ತಿದ್ರು,” ಎಂದಳು. “ತಪ್ಪು ನಂದು.”

ಆಮೇಲೆ ಎಲ್ಲವನ್ನೂ ಹೇಳಿದಳು. ತಡವರಿಸಿ ತಡವರಿಸಿ ಹೇಳಿದಳು. ಕಿಟಕಿ ಏನು ಮಾಡುತ್ತದೆ, ಪುಟ ಯಾಕೆ ನಿಲ್ಲುವುದಿಲ್ಲ, ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಗೆ ಹೋಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಅವಳು ಮುಗಿಸಿದ ಮೇಲೆ ಮೊದಲು ಎದ್ದವಳು ಅತ್ತೆ. ನೆಟ್ಟಗೆ ಅವಳ ಬಳಿ ಬಂದು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದಳು. “ಹಾಗಾದ್ರೆ ಇವು ನೆಟ್ಟಗಿವೆ?”

“ನೆಟ್ಟಗಿವೆ ಅತ್ತೆ.”

“ಬೆಳಿಗ್ಗೆಯಿಂದ ಇವನ್ನ ಬೈಕೊಂಡು ಕೂತಿದ್ದೀನಲ್ಲೇ! ಊಟಾನೂ ಸೇರಲಿಲ್ಲ!” ಎಂದು ಕೈ ಎತ್ತಿದಳು. ಹೊಡೆದೇಬಿಡುತ್ತಾಳೇನೋ ಎಂದು ಹುಡುಗಿ ಕಣ್ಣು ಮುಚ್ಚಿದಳು. ಕೈ ಬಂದು ಅವಳ ಕೆನ್ನೆಯನ್ನು ಹಿಡಿದು, ಒಂದು ಸಲ ಜೋರಾಗಿ ಹಿಂಡಿ, ಬಿಟ್ಟಿತು. “ಎಷ್ಟು ದೊಡ್ಡ ಮಾತು ಆಡಿದೆ ಇವತ್ತು. ಒಟ್ಟಿಗೆ ಇಷ್ಟು ಮಾತು ನಿನ್ನ ಬಾಯಿಂದ ನಾನು ಕೇಳೇ ಇರಲಿಲ್ಲ.”

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ವ್ಯವಸ್ಥಾಪಕರು ಗಂಟಲು ಸರಿಮಾಡಿಕೊಂಡರು. “ಕುರ್ಚಿ ಅಲ್ಲೇ ಇರ್ಲಿ,” ಎಂದರು ಅತ್ತೆಗೆ. ಅಷ್ಟು ಹೇಳಲು ಅವರಿಗೂ ಕಷ್ಟವಾದದ್ದು ಕಾಣುತ್ತಿತ್ತು.

“ಅದೆಲ್ಲ ಸರಿ,” ಕಂಡಕ್ಟರಮ್ಮ ಬೆಂಚಿನಿಂದ ಕೂಗಿದಳು. “ನಾನು ಕೂಗಿದ ಬಲಗಾಲು ಈಗ ಯಾರ ಹತ್ರ ಇದೆ? ಅದನ್ನ ಹೇಳಿ ಮೊದ್ಲು!”

ಹುಡುಗಿ ತಲೆ ಎತ್ತಿದಳು. ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ. ಓಡಿಹೋಗಿ ಪಟ್ಟಿ ತಂದಳು. ಕಂಡಕ್ಟರಮ್ಮನ ‘ಬಲ’ ಅವಳ ಬೆನ್ನಿಗೇ ಅಳತೆ ಕೊಟ್ಟಿದ್ದ ಚಿತ್ರಕಲೆ ಮೇಷ್ಟ್ರ ಹೆಸರಿನಲ್ಲಿ ಬಂದಿತ್ತು. ಅವರದು ಎಡಗಾಲು. ಅಂದರೆ ಪೆಟ್ಟಿಗೆಯಲ್ಲಿ ಯಾರಿಗೂ ಬೇಡದ ಬಲಪಾದವೊಂದು ಇದೆ! ಮೇಸ್ತ್ರಿ ಅದನ್ನು ಬಿಚ್ಚಿದ. ಆದರೆ ಅಳತೆ ಮೇಷ್ಟ್ರದೇ ತಾನೆ? ಇಪ್ಪತ್ತೈದು. ಕಂಡಕ್ಟರಮ್ಮನದು ಇಪ್ಪತ್ಮೂರು.

“ಇನ್ನೂ ನೋಡು,” ಎಂದ ಮೇಸ್ತ್ರಿ. “ಎಷ್ಟು ತಪ್ಪಿದೆ?”

“ಈ ಪೆಟ್ಟಿಗೇಲಿ ನಾಲ್ಕು.” ಅವಳ ಬೆರಳು ಪಟ್ಟಿಯ ಮೇಲೆ ಇಳಿಯುತ್ತ ಹೋಯಿತು. ಕ್ಷೌರಿಕ: ಬಲ ಬೇಕು, ಎಡ ಬಂದಿದೆ, ಇಪ್ಪತ್ತಾರು. ಅದಕ್ಕೂ ಕೆಳಗೆ, ಆರನೆಯ ಸಾಲು. ಉದ್ಯಾನವನದ ಮಾಲಿ ಹೆಂಗಸು: ಎಡ ಬೇಕು, ಬಲ ಬಂದಿದೆ. ಅಳತೆ...

“ಇಪ್ಪತ್ಮೂರು,” ಎಂದು ಓದಿದಳು. ಈ ಸಲ ಅವಳ ದನಿ ಅತ್ತೆಯ ದನಿಯ ಹತ್ತಿರಕ್ಕೆ ಬಂದಿತ್ತು.

ಮಾಲಿಗೆ ಹೇಳಿಕಳಿಸಿದರು. ಸಂಜೆ ನಾಲ್ಕಕ್ಕೆ, ಉಗುರಿನಲ್ಲಿ ಇನ್ನೂ ಮಣ್ಣಿರುವಾಗಲೇ, ಊರುಗೋಲಿನಲ್ಲಿ ಬಂದಳು. ಅವಳಿಗೆ ಬಂದಿದ್ದ ಪಾದ ಕಂಡಕ್ಟರಮ್ಮನಿಗೆ, ಕಂಡಕ್ಟರಮ್ಮನಿಗೆ ಬಂದಿದ್ದು ಅವಳಿಗೆ. ಒಂದೇ ತೊಡಕು. ಪಾದಗಳ ಬಣ್ಣ ಮೂರು ಬಗೆ. ಮಾಲಿ ಬಿಸಿಲಲ್ಲಿ ಬೆಂದ ಕಪ್ಪು, ಕಂಡಕ್ಟರಮ್ಮ ಗೋಧಿಬಣ್ಣ. ಮೇಸ್ತ್ರಿ ಎರಡನ್ನೂ ಅವರ ಮುಂದಿಟ್ಟು ಸಂಕೋಚದಿಂದ ತಲೆ ಕೆರೆದುಕೊಂಡ.

“ನಂದು ಷೂ ಒಳಗೆ ಇರುತ್ತೆ,” ಎಂದಳು ಕಂಡಕ್ಟರಮ್ಮ. “ಯಾರು ಬಗ್ಗಿ ನೋಡ್ತಾರೆ? ಬಗ್ಗಿ ನೋಡಿದವನಿಗೆ ಅಲ್ಲೇ ಒಂದು ಕೊಡ್ತೀನಿ.”

“ನಂದು ಮಣ್ಣೊಳಗೆ ಇರುತ್ತೆ,” ಎಂದಳು ಮಾಲಿ. “ನಾಲ್ಕೇ ದಿನ, ಎರಡೂ ಒಂದೇ ಬಣ್ಣ ಆಗ್ತವೆ. ಅಲ್ಲಿವರೆಗೂ ಬೆಳ್ಳಗಿನ ಕಾಲು ಒಂದಿದೆ ಅಂತ ಜಂಬ ಮಾಡ್ತೀನಿ.”

ಇಬ್ಬರೂ ಒಬ್ಬರ ಕಾಲು ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡಿದ್ದ ವಾಕ್ಯ ಆ ನಗೆಯಲ್ಲಿ ಎಲ್ಲೋ ಕಳೆದುಹೋಯಿತು.

ಎಲ್ಲರೂ ಹೀಗೆ ನಗಲಿಲ್ಲ. ಮೇಷ್ಟ್ರದೂ ಕ್ಷೌರಿಕನದೂ ಅದಲುಬದಲು ಮಾಡಲು ಒಂದು ಸೆಂಟಿಮೀಟರು ಅಡ್ಡ ಬಂತು. ಮೇಷ್ಟ್ರು ಮರುದಿನ ಬಂದು, “ಹೋಗ್ಲಿ ಬಿಡಮ್ಮ, ನಾನು ಕೂತೇ ಚಿತ್ರ ಬರೆಯೋದು,” ಎಂದು ಹೋದರು. ಕ್ಷೌರಿಕ ಹಾಗೆ ಬಿಡಲಿಲ್ಲ. “ನಂದು ನಿಂತು ಮಾಡೋ ಕೆಲಸ. ನಿಮಗೆ ಅದು ಕಿಟಕಿ, ನಂಗೆ ಅದು ಇನ್ನೊಂದು ವಾರ. ಗೊತ್ತಾಗುತ್ತಾ?” ಎಂದು ಅವಳ ಮುಖಕ್ಕೇ ಹೇಳಿದ. ಗೊತ್ತಾಗುತ್ತದೆ ಎಂದು ಅವಳು ತಲೆಯಾಡಿಸಿದಳು. ಅತ್ತೆ ಅಡ್ಡ ಬರಲು ನೋಡಿದರೆ, ಬೇಡ ಎಂದು ಕಣ್ಣಿನಲ್ಲೇ ತಡೆದಳು. ಆತ ಬೈಯುವಷ್ಟು ಬೈದ, ಅವಳು ಕೇಳುವಷ್ಟು ಕೇಳಿದಳು. ತಂಗಿ ಪಕ್ಕದಲ್ಲಿ ಇದ್ದಿದ್ದರೆ ಅವಳ ಪರವಾಗಿ ಹತ್ತು ಮಾತು ಆಡಿ ಜಗಳ ತೆಗೆದಿರುತ್ತಿದ್ದಳು. ಇಲ್ಲದ್ದೇ ಒಳ್ಳೆಯದಾಯಿತು.

ಅದಕ್ಕೂ ಮೊದಲು, ಸೋಮವಾರ ಸಂಜೆಯೇ, ಇನ್ನೊಂದು ಕೆಲಸ ಉಳಿದಿತ್ತು. ವಾರದ ಉಳಿದ ಆರ್ಡರುಗಳು ಕಾರ್ಖಾನೆಯಲ್ಲಿದ್ದವು. ಅವುಗಳಲ್ಲಿ ಏಳು ತಪ್ಪು, ಮೇಷ್ಟ್ರದೂ ಕ್ಷೌರಿಕನದೂ ಹೊಸದಾಗಿ ಮಾಡಿಸಬೇಕು. ಫೋನ್ ಮಾಡಬೇಕು. ಅವಳಿಗೆ ಫೋನೆಂದರೆ ಹಾವು ಮುಟ್ಟಿದಷ್ಟು ಭಯ. “ನಾನು ಮಾಡ್ಲಾ?” ಎಂದಳು ಅತ್ತೆ. “ಬೇಡ, ನಂದೇ,” ಎಂದಳು. ಅಂಕಿ ಒತ್ತಿದಳು. ಆ ಕಡೆಯಿಂದ ಸುಸ್ತಾದ ಹೆಂಗಸಿನ ದನಿ ಬಂತು. ಹೇಳಬೇಕಾದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಏಳು ಹೆಸರಾ? ನಿಧಾನಕ್ಕೆ ಹೇಳಿ. ಒಂದೊಂದು ಹೇಳಿದ ಮೇಲೂ ನಾನು ಒಳಗೆ ಹೋಗಿ ಅಚ್ಚು ನೋಡ್ಕೊಂಡು ಬರ್ತೀನಿ. ಫೋನ್ ಇಡ್ಬೇಡಿ ಮತ್ತೆ,” ಎಂದಿತು ಆ ದನಿ.

ಏಳು ಸಲ ಹೋಗಿ ಏಳು ಸಲ ಬಂದಳು ಆ ಹೆಂಗಸು. ಪ್ರತಿ ಸಲವೂ ದೂರದಲ್ಲಿ ಚಪ್ಪಲಿಯ ಸದ್ದು ಕ್ಷೀಣವಾಗಿ, ಮತ್ತೆ ಹತ್ತಿರವಾಗುತ್ತಿತ್ತು. ಮೂರು ಇನ್ನೂ ಅಚ್ಚಿಗೆ ಹಾಕಿರಲಿಲ್ಲ. ನಾಲ್ಕನ್ನು ಮತ್ತೆ ಮಾಡಬೇಕು. “ಮುಂದಿನ ಲಾರಿಗೆ ಏಳೂ ಹಾಕ್ತೀನಿ. ಕ್ಷೌರಿಕರದ್ದೂ ಮೇಷ್ಟ್ರದ್ದೂ ಸೇರಿ ಒಂಬತ್ತು. ಸರೀನಾ? ಮೊದಲೇ ಹೇಳಿದ್ದು ಒಳ್ಳೇದಾಯ್ತು. ಸಾಮಾನ್ಯವಾಗಿ ಯಾರೂ ಹೇಳಲ್ಲ.”

ಮುಖ ನೋಡದ, ಹೆಸರೂ ಕೇಳದ ಆ ಹೆಂಗಸಿನ ಚಪ್ಪಲಿಯ ಸದ್ದಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಹಿತ್ತಲ ಕೋಣೆಗೆ ಬೀಗ ಬಿದ್ದಾಗಿತ್ತು, ಹಳೆಯ ದಾರಿಗೆ ಮರಳುವಂತಿರಲಿಲ್ಲ. ಮಂಗಳವಾರ ಇಡೀ ಆರ್ಡರುಗಳನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡರು. ಅವಳು ಕಿಟಕಿಯನ್ನು ಮೊದಲಿನಿಂದ ಕಟ್ಟಿದಳು. ಹೊಸ ಬ್ರೌಸರಿಗೆ ಕಾಯಲು ಬರುವುದಿಲ್ಲವೆಂದಲ್ಲ. ಹಳೆಯದಕ್ಕೆ ಹೇಳದೆಯೇ ತಿಳಿಯುತ್ತಿತ್ತು. ಇದಕ್ಕೆ ಎಲ್ಲಿ ನಿಲ್ಲಬೇಕು, ಯಾರ ಉತ್ತರ ಬಂದ ಮೇಲೆ ಹೊರಡಬೇಕು ಎಂದು ಬಿಡಿಸಿ ಹೇಳಬೇಕು, ಅಷ್ಟೇ. ಹೇಳಿದರೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ. ಪ್ರತಿಯೊಬ್ಬರೂ ಕೂತಾಗ ಹಿಂದಿನವರ ಉತ್ತರವನ್ನು ಒರೆಸಿ ಹಾಕುವ ಒಂದು ಸಾಲನ್ನೂ ಸೇರಿಸಿದಳು. ಉತ್ತರವಿಲ್ಲದಿದ್ದರೆ ಆರ್ಡರೂ ಇಲ್ಲ.

ಈ ಸಲ ಪರೀಕ್ಷೆಯನ್ನು ಒಬ್ಬಳೇ ಮಾಡಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ಎರಡೂ ಕಾಲು ನೆಟ್ಟಗಿದ್ದವರನ್ನೆಲ್ಲ ಸಾಲಾಗಿ ಬೆಂಚಿನ ಮೇಲೆ ಕೂರಿಸಿ, ಮನಸ್ಸಿಗೆ ಬಂದ ಕಡೆ ಕೂಗಿ ಎಂದಳು. “ಬಲ!” “ಎಡ!” “ಬಲ!” ಎಂದು ಹಜಾರ ಒಂದೇ ಗಲಾಟೆ. ವ್ಯವಸ್ಥಾಪಕರೂ ಬಂದು ಕೂತು, ಏನು ಹೇಳಬೇಕೆಂದು ತೋಚದೆ ತಮ್ಮ ಎರಡೂ ಮೊಣಕಾಲು ನೋಡಿಕೊಂಡರು. ಇಡೀ ಹಜಾರ ಅವರಿಗಾಗಿ ಕಾಯಿತು, ಪುಟವೂ ಕಾಯಿತು. “ಎಡ ಅಂತ ಇಟ್ಕೊಳ್ಳಿ,” ಎಂದರು ಕೊನೆಗೆ. ನಲವತ್ತು ಆರ್ಡರ್ ಹಾಕಿ, ನಲವತ್ತರ ಪ್ರತಿಯನ್ನೂ ಅವಳು ಒಂದೊಂದಾಗಿ ತೆರೆದು ಓದಿದಳು. ಎಲ್ಲವೂ ಅವರವರದೇ.

ಬುಧವಾರ ಇಡೀ ಕಂಡಕ್ಟರಮ್ಮ ಹಜಾರದ ಎರಡು ಕಂಬಿಗಳ ನಡುವೆ ನಡೆದಳು, ಮೇಸ್ತ್ರಿ ಉಜ್ಜಿದ, ಮತ್ತೆ ನಡೆದಳು. ಹೊರಡುವಾಗ ಮೂಲೆಗೆ ಬಂದು, “ನಾಳೆ ನೀನೂ ಬರ್ಬೇಕು ಡಿಪೋಗೆ,” ಎಂದಳು. ಅವಳು ಏನು ಹೇಳಲಿ ಎಂದು ನೋಡುತ್ತಿರುವಾಗ, ಕಂಡಕ್ಟರಮ್ಮ ಗೋಡೆಗೊರಗಿ, ಉತ್ತರ ಬರುವವರೆಗೂ ತಾನು ಕದಲುವುದಿಲ್ಲವೆಂಬಂತೆ ನಿಂತೇ ಇದ್ದಳು.

“ಬರ್ತೀನಿ,” ಎಂದಳು.

ಡಿಪೋದ ಅಂಗಳದಲ್ಲಿ ಎಣ್ಣೆಯ ಕಲೆಗಳ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಡಾಕ್ಟರು ಮಡಚುವ ಕುರ್ಚಿಯಲ್ಲಿ ಕೂತು ಹಾಳೆ ತೊಡೆಯ ಮೇಲಿಟ್ಟುಕೊಂಡಿದ್ದರು. ಚಾಲಕರೂ ಮೆಕ್ಯಾನಿಕ್ಕರೂ ಬಸ್ಸುಗಳ ಮರೆಯಿಂದ ಇಣುಕುತ್ತಿದ್ದರು. ಕಂಡಕ್ಟರಮ್ಮ ಕರಿ ಷೂ ಹಾಕಿಕೊಂಡು ಇಪ್ಪತ್ತು ಹೆಜ್ಜೆ ನಡೆದಳು. ಹನ್ನೆರಡನೆಯದರಲ್ಲಿ ಕೊಂಚ ವಾಲಿದಂತಾಯಿತು. ಹದಿಮೂರನೆಯದು ನೆಟ್ಟಗೆ ಬಿತ್ತು.

ಮೂರು ಮೆಟ್ಟಿಲು. ಮೊದಲನೆಯದು ಎಡಗಾಲಿನಲ್ಲಿ. ಎರಡನೆಯದಕ್ಕೂ ಎಡಗಾಲೇ. ಮೂರನೆಯದಕ್ಕೆ, ಯಾರೂ ಕೇಳದಿದ್ದರೂ, ಮಾಲಿಗೆಂದು ಬಂದಿದ್ದ ಆ ಕಪ್ಪು ಪಾದವನ್ನೇ ಮೇಲಿಟ್ಟಳು. ಕಂಬಿಯನ್ನು ಹಿಡಿದ ಅವಳ ಕೈ ಬಿಳುಪೇರಿತು. ದೇಹ ಒಂದು ಕ್ಷಣ ನಡುವೆ ತೂಗಿತು. ಆಮೇಲೆ ಮೇಲಕ್ಕೆ ಹೋಯಿತು.

ಡಾಕ್ಟರು ಸಹಿ ಹಾಕಿದರು. ಬಸ್ಸಿನ ಮರೆಗಳಿಂದ ಸಿಳ್ಳೆ ಎದ್ದಿತು.

ಹುಡುಗಿ ಅಂಗಳದಲ್ಲೇ ನಿಂತಿದ್ದಳು. ಹೇಳಬೇಕಾದ್ದು ಅವಳಲ್ಲಿ ತುಂಬ ಇತ್ತು. ಯಂತ್ರ ಆರಿಸಿ ಸ್ಟೂಲಿನ ಮೇಲೆ ಕೂತವನಿಗೆ, ಕೆನ್ನೆ ಹಿಂಡಿದವಳಿಗೆ, ಏಳು ಸಲ ಒಳಗೆ ಹೋಗಿ ಬಂದವಳಿಗೆ, ಮುಖದ ಮೇಲೆಯೇ ಬೈದವನಿಗೆ ಕೂಡ. ಎಲ್ಲ ಸೇರಿ ಕಣ್ಣಿನಲ್ಲಿ ಬಂದು ನಿಂತಿತ್ತು. ಅವಳು ಬಸ್ಸಿನ ಬಾಗಿಲವರೆಗೆ ಹೋಗಿ, ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಲೆ ಎತ್ತಿ, “ನಂಗೆ...” ಎಂದಳು.

“ಒಳಗೆ ಬಾ ಮೊದ್ಲು,” ಎಂದಳು ಮೇಲೆ ನಿಂತಿದ್ದ ಕಂಡಕ್ಟರಮ್ಮ, ಕೈ ಚಾಚಿ. “ಬಾಗಿಲಲ್ಲಿ ನಿಂತು ಅಳೋರಿಗೆ ನನ್ನ ಬಸ್ಸಲ್ಲಿ ಜಾಗ ಇಲ್ಲ. ಕಿಟಕಿ ಪಕ್ಕ ಕೂತ್ಕೊಂಡು ಆರಾಮಾಗಿ ಅಳು. ಕೊನೇ ಸ್ಟಾಪಿನವರೆಗೂ ಟೈಮಿದೆ.”